ಬೋರ್‌ವೆಲ್ಲಿನಿಂದ ಭದ್ರೆಗೆ: ಮೂರು ತಾಲ್ಲೂಕುಗಳ ಕುಡಿಯುವ ನೀರು

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ನೀರಿನ ಮಾತು ಎದ್ದರೆ ಮೊದಲು ಕೇಳುವುದು ‘ನೀರು ಬಂತಾ?’ ಎಂದು. ಬಂದ ನೀರು ಹೇಗಿದೆ ಎನ್ನುವುದು ಎರಡನೆಯ ಪ್ರಶ್ನೆ. ಬೇಸಿಗೆಯಲ್ಲಿ ಅದನ್ನು ಕೇಳಲು ಪುರಸೊತ್ತೇ ಇರುವುದಿಲ್ಲ. ಚುನಾವಣೆಯ ಭಾಷಣ, ಗ್ರಾಮಸಭೆಯ ಜಗಳ, ಪತ್ರಿಕೆಗಳ ಜಿಲ್ಲಾ ಪುಟ ಎಲ್ಲವೂ ಎಷ್ಟು ನೀರು, ಯಾವಾಗ ನೀರು ಎಂಬುದರ ಸುತ್ತಲೇ ತಿರುಗುತ್ತವೆ. ಇದನ್ನು ತಪ್ಪೆನ್ನಲಾಗದು. ಕೊಡವೇ ತುಂಬದಿದ್ದಾಗ ಕೊಡದೊಳಗಿನ ಕ್ಲೋರಿನ್ ಲೆಕ್ಕ ಹಾಕುವವರು ಯಾರು? ಆದರೆ ಈ ಮೂರು ತಾಲ್ಲೂಕುಗಳು ಈಗ ಬೋರ್‌ವೆಲ್ ನೀರಿನಿಂದ ಹೊಳೆ ನೀರಿಗೆ ಹೊರಳುತ್ತಿವೆ. ನೀರಿನ ಮೂಲ ಬದಲಾದರೆ ಅಪಾಯದ ಬಗೆಯೂ ಬದಲಾಗುತ್ತದೆ. ಹಳೆಯ ಅಪಾಯಕ್ಕೆ ಒಗ್ಗಿಹೋದ ನಮ್ಮ ವ್ಯವಸ್ಥೆಗೆ ಹೊಸದನ್ನು ಎದುರಿಸುವ ಅಭ್ಯಾಸ ಇದೆಯೇ?

ಈ ತಾಲ್ಲೂಕುಗಳಿರುವ ಚಿಕ್ಕಮಗಳೂರು ಜಿಲ್ಲೆ ಎಂದರೆ ಹೊರಗಿನವರಿಗೆ ಮಲೆನಾಡು, ಕಾಫಿ, ಬಿಡದ ಮಳೆ. ಬಾಬಾಬುಡನ್‌ಗಿರಿ ಸಾಲಿನಿಂದ ಪೂರ್ವಕ್ಕೆ ಇಳಿದರೆ ಮಳೆಯೂ ಅಲ್ಲೇ ನಿಂತುಬಿಡುತ್ತದೆ. ಸಖರಾಯಪಟ್ಟಣದ ಅಯ್ಯನಕೆರೆ, ಎಮ್ಮೆದೊಡ್ಡಿ ದಾರಿಯ ಮದಗದಕೆರೆ ಇವೆರಡೂ ಗುಡ್ಡದ ನೀರನ್ನು ಬಯಲಿಗೆ ಹಂಚಲು ಹಿಂದಿನವರು ಕಟ್ಟಿಕೊಂಡ ಕೆರೆಗಳು. ಆ ಕಡೆಯಿಂದ ಬರುವ ವೇದಾ, ಆವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಹಿರಿಯೂರಿನ ಮಾರಿಕಣಿವೆಗೆ ಹೋಗುತ್ತವೆ. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮೇಲಿನ ಬಯಲು ಎಷ್ಟು ಒಣಗಿತ್ತು ಎನ್ನಲು ಇದೊಂದೇ ಸಾಕು. ತರೀಕೆರೆಯದು ಬೇರೆ ಕಥೆ. ಅದರ ಪಶ್ಚಿಮದ ಅಂಚಿನಲ್ಲೇ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, 71.5 ಟಿಎಂಸಿ ನೀರು. ಆದರೆ ಅದೇ ತಾಲ್ಲೂಕಿನ ಹೋಬಳಿಯಾಗಿದ್ದು ಈಚೆಗೆ ತಾಲ್ಲೂಕಾದ ಅಜ್ಜಂಪುರ ಅಣೆಕಟ್ಟಿನ ಬೆನ್ನಿಗೇ ಇದ್ದೂ ಬಾಯಾರಿತ್ತು. ಅಣೆಕಟ್ಟಿನ ನಾಲೆಗಳು ಇಳಿಜಾರು ಹಿಡಿದು ದಾವಣಗೆರೆಯತ್ತ ಹೋದವು. ಅಮೃತಮಹಲ್ ದನಗಳ ಎತ್ತರದ ಸೀಮೆಗೆ ನೀರು ತಾನಾಗಿ ಹತ್ತುವುದಿಲ್ಲ.

ಹೀಗಾಗಿ ಎಪ್ಪತ್ತರ ದಶಕದಿಂದೀಚೆಗೆ ಇಲ್ಲಿನ ಕುಡಿಯುವ ನೀರು ಎಂದರೆ ಮೊದಲು ಕೈಪಂಪು, ಆಮೇಲೆ ಬೋರ್‌ವೆಲ್ ಮತ್ತು ತೊಂಬೆ. ತೋಟದವರೂ ಬೋರ್ ಕೊರೆದರು, ಪಂಚಾಯಿತಿಯೂ ಕೊರೆಯಿತು. ಇಬ್ಬರ ಪೈಪೂ ಒಂದೇ ಬಂಡೆಯ ಬಿರುಕಿಗೆ ಇಳಿದಿತ್ತು. ಅಂತರ್ಜಲದ ಸರ್ಕಾರಿ ಲೆಕ್ಕದಲ್ಲಿ ಕಡೂರು ‘ಅತಿಬಳಕೆ’ಯ ಪಟ್ಟಿಗೆ ಸೇರಿತು.

ಆಳಕ್ಕೆ ಹೋದಷ್ಟೂ ನೀರು ಹಳೆಯದಾಗುತ್ತದೆ. ಬಹುಕಾಲ ಗ್ರಾನೈಟ್ ಮತ್ತು ನೈಸ್ ಬಂಡೆಗಳ ಸಂಗದಲ್ಲಿದ್ದ ನೀರಿನಲ್ಲಿ ಫ್ಲೋರೈಡ್ ಕರಗಿ ಸೇರುತ್ತದೆ. ಸುಣ್ಣದ ಅಂಶ ಕಡಿಮೆ, ಸೋಡಿಯಂ ಹೆಚ್ಚು ಇದ್ದರೆ ಇನ್ನೂ ಬೇಗ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಿತ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ಆಮೇಲೆ ದೊಡ್ಡವರ ಬೆನ್ನು, ಮಂಡಿ ಬಿಗಿಯುವುದು. ಇದರ ದೊಡ್ಡ ತೊಡಕೆಂದರೆ ಫ್ಲೋರೈಡ್‌ಗೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಊರವರು ನೀರನ್ನು ಅಳೆಯುವುದು ಗಡಸೋ ಸಿಹಿಯೋ ಎಂದು, ಬೇಳೆ ಬೇಯುತ್ತದೋ ಇಲ್ಲವೋ ಎಂದು. ಬೇಳೆ ಚೆನ್ನಾಗಿ ಬೇಯಿಸುವ ಸಿಹಿನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವುದುಂಟು. ಕಾಯಿಸಿದರೆ ಹೋಗುತ್ತದೆ ಎಂಬ ನಂಬಿಕೆಯೂ ಇದೆ. ಕುದಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡ್ ತುಸು ಹೆಚ್ಚೇ ಆಗುತ್ತದೆ.

ಇದಕ್ಕೆ ಸರ್ಕಾರ ಕೊಟ್ಟ ಉತ್ತರ ಊರೂರಿನ ಶುದ್ಧ ಕುಡಿಯುವ ನೀರಿನ ಘಟಕ, ಜನರ ಬಾಯಲ್ಲಿ ‘ಫಿಲ್ಟರ್ ನೀರು’. ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನು ತುಂಬುತ್ತದೆ. ಈ ಘಟಕಗಳು ಮಾಡಿದ ಉಪಕಾರ ಸಣ್ಣದಲ್ಲ. ಆದರೂ ಅವುಗಳ ಮೇಲೆ ಇಟ್ಟ ಭರವಸೆ ಅತಿಯಾಯಿತು ಎಂದೇ ನನ್ನ ಅನಿಸಿಕೆ. ಕುಡಿಯಲು ಕ್ಯಾನಿನ ನೀರು ತಂದ ಮನೆಯಲ್ಲಿ ಅನ್ನ, ಸಾರು ಬೇಯುವುದು ನಲ್ಲಿ ನೀರಿನಲ್ಲೇ. ತೋಟಕ್ಕೆ ಹೋದವರು ಕುಡಿಯುವುದು ಬೋರಿನ ಬಾಯಿಗೆ. ಘಟಕದೊಳಗೆ ನೀರು ಸೋಸುವ ಪೊರೆಯನ್ನು ಕಾಲಕ್ಕೆ ಸರಿಯಾಗಿ ಬದಲಿಸದಿದ್ದರೆ ಘಟಕ ನಡೆಯುತ್ತಲೇ ಇರುತ್ತದೆ, ಶುದ್ಧಿ ಮಾತ್ರ ನಿಂತಿರುತ್ತದೆ. ಹೊರಗಿನಿಂದ ಯಾರಿಗೂ ತಿಳಿಯದು. ಪೊರೆ ದಾಟಿ ಬಂದ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ತೊಳೆಯದ ಕ್ಯಾನಿಗೆ ಬಿದ್ದ ಶುದ್ಧ ನೀರು ಮನೆ ಮುಟ್ಟುವಾಗ ಶುದ್ಧವಾಗಿರಬೇಕೆಂದೇನಿಲ್ಲ.

ಈ ಚಿತ್ರವನ್ನು ಬದಲಿಸುತ್ತಿರುವುದು ಭದ್ರೆ. ತರೀಕೆರೆ, ಬೀರೂರು, ಕಡೂರು ಪಟ್ಟಣಗಳ ಕಡೆಗೆ ಭದ್ರೆಯ ನೀರು ಕೊಳವೆಯಲ್ಲಿ ಬರತೊಡಗಿದೆ. ಮೂರು ತಾಲ್ಲೂಕುಗಳ ಹಳ್ಳಿಗಳಿಗೂ ಪಕ್ಕದ ಹೊಸದುರ್ಗಕ್ಕೂ ಭದ್ರಾ ಜಲಾಶಯದಿಂದ ನೀರೊಯ್ಯುವ ಬಹುಗ್ರಾಮ ಯೋಜನೆಯ ಕೆಲಸ ಸಾಗಿದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’, ಮನೆಗೊಂದು ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ಎಂದು ಗುರಿ ಹಾಕಿಕೊಂಡಿತು; ಅದರ ಅವಧಿ ಈಗ 2028ರವರೆಗೆ ಬೆಳೆದಿದೆ. 2025ರ ಜೂನ್‌ನಲ್ಲಿ ಭದ್ರಾ ಬಲದಂಡೆ ನಾಲೆಯನ್ನು ಸೀಳಿ ಈ ಬಹುಗ್ರಾಮ ಯೋಜನೆಗೆ ನೀರು ಕೊಡುವುದನ್ನು ವಿರೋಧಿಸಿ ದಾವಣಗೆರೆ ಕಡೆಯ ರೈತರು ಬೀದಿಗಿಳಿದರು. ಅಚ್ಚುಕಟ್ಟಿನ ಕೊನೆಯ ಭಾಗದವರ ಆತಂಕ ಸುಳ್ಳಲ್ಲ; ಕುಡಿಯುವ ನೀರಿಗೆ ಮೊದಲ ಆದ್ಯತೆ ಎಂದು 2002ರ ರಾಷ್ಟ್ರೀಯ ಜಲನೀತಿ ಹೇಳಿರುವುದೂ ಸುಳ್ಳಲ್ಲ. ಎರಡೂ ಕಡೆಯ ಮಾತು ಟಿಎಂಸಿಯಲ್ಲೇ ನಡೆಯಿತು. ಬರುವ ನೀರನ್ನು ದಿನವೂ ಶುದ್ಧವಾಗಿಡುವವರು ಯಾರು ಎಂಬ ಪ್ರಶ್ನೆಗೆ ಯಾವ ವೇದಿಕೆಯಲ್ಲೂ ಜಾಗ ಇರಲಿಲ್ಲ.

ಫ್ಲೋರೈಡ್ ನಿಧಾನದ ವಿಷ; ಒಂದು ವಾರ ಕುಡಿದರೆ ಏನೂ ಆಗದು, ಇಪ್ಪತ್ತು ವರ್ಷ ಕುಡಿದರೆ ಬೆನ್ನು ಬಾಗುತ್ತದೆ. ಹೊಳೆಯ ನೀರಿನಲ್ಲಿ ಫ್ಲೋರೈಡಿನ ಕಾಟ ಅಷ್ಟಿಲ್ಲ, ಆದರೆ ರೋಗಾಣು ಇದೆ, ಮತ್ತು ಅದು ಎರಡೇ ದಿನದಲ್ಲಿ ಊರನ್ನು ಮಲಗಿಸುತ್ತದೆ. ಆಳದ ಬೋರಿನ ನೀರನ್ನು ಮಣ್ಣು, ಬಂಡೆಗಳೇ ಸೋಸಿರುತ್ತವೆ. ಬಾಯಿ ಗಟ್ಟಿಯಾಗಿದ್ದು ಪಕ್ಕದಲ್ಲಿ ತಿಪ್ಪೆ, ಬಚ್ಚಲು ಇಲ್ಲದಿದ್ದರೆ ಬ್ಲೀಚಿಂಗ್ ಹಾಕದೆಯೂ ಎಷ್ಟೋ ಊರುಗಳು ಬಚಾವಾಗಿವೆ. ಹೊಳೆ ನೀರು ಆ ಸಲಿಗೆ ಕೊಡುವುದಿಲ್ಲ.

ಭದ್ರೆಯ ಮೇಲ್ಭಾಗದಲ್ಲಿ ಏನಿದೆ ಎಂದು ನೋಡಿದರೆ ಇದು ಇನ್ನಷ್ಟು ಸ್ಪಷ್ಟ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಹೊಳೆಗೆ ಹರಿಯುತ್ತಿದ್ದ ಹೂಳಿನ ದೊಡ್ಡ ಮೂಲ ಅದರೊಂದಿಗೆ ಕಡಿಮೆಯಾಯಿತು. ಭದ್ರಾವತಿಯ ಕಾರ್ಖಾನೆಗಳು ಅಣೆಕಟ್ಟಿನ ಕೆಳಗಿವೆ, ಹಾಗಾಗಿ ಅವುಗಳ ಕೊಳೆ ಈ ತಾಲ್ಲೂಕುಗಳ ಪಾಲಿಗಿಲ್ಲ. ಆದರೆ ಕಳಸ, ಬಾಳೆಹೊನ್ನೂರು ಹೊಳೆಯ ದಂಡೆಯ ಮೇಲೇ ಇವೆ, ನರಸಿಂಹರಾಜಪುರ ಹಿನ್ನೀರಿನ ಬದಿಗೆ. ಕಾಫಿ ಹಣ್ಣಿನ ಪಲ್ಪಿಂಗ್ ನಡೆಯುವ ಚಳಿಗಾಲದ ತಿಂಗಳುಗಳಲ್ಲಿ ತೋಟಗಳ ಹುಳಿನೀರು ಹಳ್ಳ ಸೇರುವುದು ಮಲೆನಾಡಿನ ಹಳೆಯ ದೂರು. ಮಳೆಗಾಲದಲ್ಲಿ ನೀರು ಕೆಂಪು. ಬೇಸಿಗೆಯಲ್ಲಿ ಜಲಾಶಯ ಇಳಿದಾಗ ತಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಕಬ್ಬಿಣ, ಮ್ಯಾಂಗನೀಸ್ ಹೆಚ್ಚು. ಒಂದೇ ಮೂಲದ ನೀರು ವರ್ಷದಲ್ಲಿ ಮೂರು ವೇಷ ಹಾಕುತ್ತದೆ. ಶುದ್ಧೀಕರಣ ಘಟಕದವರು ಮೂರಕ್ಕೂ ಮದ್ದಿನ ಪ್ರಮಾಣ ಬದಲಿಸುತ್ತಿರಬೇಕು.

ಘಟಕದ ಒಳಗಿನ ಕೆಲಸ ನೂರು ವರ್ಷದಿಂದ ಹೆಚ್ಚು ಬದಲಾಗಿಲ್ಲ. ನಮ್ಮ ಅಜ್ಜಿಯರು ಚಿಲ್ಲದ ಬೀಜವನ್ನು ಮಡಕೆಯ ಒಳಗೋಡೆಗೆ ಉಜ್ಜಿ ಕೆಸರು ತಳಕ್ಕಿಳಿಸುತ್ತಿದ್ದರು. ಘಟಕದಲ್ಲಿ ಆ ಕೆಲಸಕ್ಕೆ ಆಲಂ, ಅಂದರೆ ಪಟಿಕ. ಕೆಸರಿನ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗಿ ಕೂರುತ್ತವೆ, ತಿಳಿನೀರು ಮರಳಿನ ಪದರದ ಮೂಲಕ ಇಳಿಯುತ್ತದೆ. ಮರಳು ಕಟ್ಟಿಕೊಂಡಾಗ ಕೆಳಗಿನಿಂದ ಮೇಲಕ್ಕೆ ನೀರು ನುಗ್ಗಿಸಿ ತೊಳೆಯಬೇಕು. ಕೊನೆಗೆ ಕ್ಲೋರಿನ್. ಈ ಕ್ರಮ ತಿರುವುಮುರುವಾಗಬಾರದು. ಕೆಸರು ಉಳಿದ ನೀರಿಗೆ ಕ್ಲೋರಿನ್ ಸುರಿದರೆ ಅದನ್ನು ಕೆಸರೇ ತಿಂದುಬಿಡುತ್ತದೆ, ರೋಗಾಣುಗಳು ಕಣಗಳ ಮರೆಯಲ್ಲಿ ಉಳಿಯುತ್ತವೆ, ಜೊತೆಗೆ ಎಲೆ ಕೊಳೆತ ಅಂಶದೊಡನೆ ಕ್ಲೋರಿನ್ ಕೂಡಿ ಬೇಡದ ರಾಸಾಯನಿಕಗಳೂ ಹುಟ್ಟುತ್ತವೆ.

ಹಳ್ಳಿಯ ಟ್ಯಾಂಕಿನ ಮೇಲೆ ಇಂದಿಗೂ ಬಳಸುವ ಬ್ಲೀಚಿಂಗ್ ಪುಡಿ ಅಷ್ಟು ಹಳೆಯದೂ, ಅಷ್ಟೇ ಜಗಳದ ಚರಿತ್ರೆಯುಳ್ಳದ್ದೂ ಹೌದು. ಅಮೆರಿಕದ ಜರ್ಸಿ ಸಿಟಿಗೆ ನೀರು ಕೊಡುತ್ತಿದ್ದ ಕಂಪನಿಯ ವೈದ್ಯ ಜಾನ್ ಲೀಲ್ 1908ರ ಸೆಪ್ಟೆಂಬರ್ 26ರಿಂದ ಇಡೀ ಊರಿನ ನೀರಿಗೆ ದಿನವೂ ಈ ಪುಡಿಯ ದ್ರಾವಣ ಸೇರಿಸತೊಡಗಿದ, ಅದೂ ಊರಿನವರನ್ನು ಕೇಳದೆ. ಆ ಹೊತ್ತಿಗೆ ನೀರಿನ ಗುಣಮಟ್ಟದ ಬಗ್ಗೆ ನಗರಕ್ಕೂ ಕಂಪನಿಗೂ ವ್ಯಾಜ್ಯ ನಡೆಯುತ್ತಿತ್ತು. ಕುಡಿಯುವ ನೀರಿಗೆ ‘ವಿಷ’ ಹಾಕಿದರೆಂಬ ಗದ್ದಲವೂ ಎದ್ದಿತು. ಕೋರ್ಟು ಕೊನೆಗೆ ಲೀಲ್‌ನ ಪರ ನಿಂತಿತು. ಕೆಲವೇ ವರ್ಷಗಳಲ್ಲಿ ಅಮೆರಿಕದ ನಗರಗಳು ಒಂದೊಂದಾಗಿ ಇದನ್ನು ಅನುಸರಿಸಿದವು, ಟೈಫಾಯಿಡ್ ಇಳಿಯಿತು.

ನಮ್ಮ ಕಡೆ ಈ ಪುಡಿಯ ಭಾರ ಹೊತ್ತವನು ಊರಿಗೆ ನೀರು ಬಿಡುವ ನೀರುಗಂಟಿ. ಅವನ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಸಾವಿರ ಜನರ ಊರಿಗೆ ತಲೆಗೆ 55 ಲೀಟರಿನಂತೆ 55 ಸಾವಿರ ಲೀಟರ್. ಅಂದರೆ ಹೆಚ್ಚುಕಡಿಮೆ 50 ಸಾವಿರ ಲೀಟರಿನ ಒಂದು ಓವರ್‌ಹೆಡ್ ಟ್ಯಾಂಕ್. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕೆಂದಿಟ್ಟುಕೊಂಡರೆ ಒಟ್ಟು 100 ಗ್ರಾಂ. ಹೊಸ ಬ್ಲೀಚಿಂಗ್ ಪುಡಿಯಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ಮೂರರಲ್ಲಿ ಒಂದು ಪಾಲು, ಹಾಗಾಗಿ 300 ಗ್ರಾಂ ಪುಡಿ. ತಿಂಗಳಿಗೆ ಒಂಬತ್ತು ಕೆಜಿ. ಇಷ್ಟೇ. ಆದರೆ ಬಾಯಿ ಬಿಚ್ಚಿದ ಚೀಲ ಪಂಪ್‌ಹೌಸಿನ ಶೀಟಿನಡಿ ಏಪ್ರಿಲ್ ಬಿಸಿಲಿಗೆ ಬೆಂದಿದ್ದರೆ ಕ್ಲೋರಿನ್ ಹಾರಿಹೋಗಿ ಅದರ ಶಕ್ತಿ ಶೇ 20ಕ್ಕೋ ಇನ್ನೂ ಕೆಳಕ್ಕೋ ಇಳಿದಿರುತ್ತದೆ. ಆಗ 500 ಗ್ರಾಂ ಬೇಕು. ನೀರುಗಂಟಿ ಹಾಕುವುದು ಮಾತ್ರ ಅದೇ ಹಿಡಿ ಅಳತೆ. ಹಾಕುವ ಕ್ರಮವೂ ಮುಖ್ಯ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿಯಲು ಬಿಟ್ಟು, ತಿಳಿಯನ್ನು ಟ್ಯಾಂಕ್ ತುಂಬುವಾಗಲೇ ಸುರಿದು, ಅರ್ಧ ಗಂಟೆ ಕಾದ ಮೇಲೆ ವಾಲ್ವ್ ತಿರುಗಿಸಬೇಕು. ತುಂಬಿದ ಟ್ಯಾಂಕಿಗೆ ಮೇಲಿನಿಂದ ಪುಡಿ ಸುರಿದು ಕೂಡಲೇ ನೀರು ಬಿಟ್ಟರೆ ಮೊದಲ ಬೀದಿಯವರಿಗೆ ಮೂಗು ಮುಚ್ಚುವ ವಾಸನೆ, ಕೊನೆಯ ಬೀದಿಯವರಿಗೆ ಏನೂ ಇಲ್ಲ. ವಾಸನೆ ಬಂದ ದಿನ ಬೈಗುಳ ಖಚಿತ. ಏನೂ ಹಾಕದ ದಿನ ಯಾರೂ ಬೈಯುವುದಿಲ್ಲ. ಅವನು ಯಾವ ಕಡೆ ವಾಲುತ್ತಾನೆ ಎಂದು ಬೇರೆ ಹೇಳಬೇಕಿಲ್ಲ.

ಇಲ್ಲೇ ಇರುವುದು ವಿಷಯದ ಗಂಟು. ಐಎಸ್ 10500 ಕೇಳುವುದು ಬಳಕೆದಾರನ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್. ಟ್ಯಾಂಕಿನಲ್ಲಿ ಎಷ್ಟಿತ್ತು ಎಂಬುದು ಮುಖ್ಯವಲ್ಲ. ಉಳಿಕೆ ಎಂದರೆ ದಾರಿಯಲ್ಲಿ ಎದುರಾದ ಕೊಳೆಯನ್ನೆಲ್ಲ ಸುಟ್ಟು ಇನ್ನೂ ಮಿಕ್ಕಿರುವುದು. ಅದು ಶೂನ್ಯವಾದರೆ ಎರಡರಲ್ಲೊಂದು: ಹಾಕಿದ್ದೇ ಕಡಿಮೆ, ಇಲ್ಲವೇ ದಾರಿಯಲ್ಲಿ ಎಲ್ಲೋ ಹೊಲಸು ಸೇರುತ್ತಿದೆ. ಲಕ್ಕವಳ್ಳಿಯ ಕಡೆಯಿಂದ ಹತ್ತಾರು ಕಿಲೋಮೀಟರ್ ಕೊಳವೆಯಲ್ಲಿ ಬರುವ ನೀರಿನಲ್ಲಿ ಘಟಕದವರು ಹಾಕಿದ ಕ್ಲೋರಿನ್ ಊರಿನ ಟ್ಯಾಂಕ್ ತಲುಪುವ ಹೊತ್ತಿಗೆ ಸವೆದಿರುತ್ತದೆ, ಅಲ್ಲಿ ಮತ್ತೆ ಸೇರಿಸಬೇಕು. ‘ಶುದ್ಧೀಕರಿಸಿದ ಭದ್ರಾ ನೀರು’ ಎಂದ ಮೇಲೆ ಮತ್ತೇಕೆ ಬ್ಲೀಚಿಂಗ್ ಎಂದು ಕೇಳುವ ಪಂಚಾಯಿತಿ ಸದಸ್ಯರು ಸಿಕ್ಕೇ ಸಿಗುತ್ತಾರೆ. ಬಹುಗ್ರಾಮ ಯೋಜನೆಯ ನಿಜವಾದ ಅಪಾಯ ಈ ಪ್ರಶ್ನೆಯಲ್ಲೇ ಇದೆ.

ಎರಡು ಮೂರು ದಿನಕ್ಕೊಮ್ಮೆ ಒಂದೆರಡು ಗಂಟೆ ನೀರು ಬಿಡುವ ಪದ್ಧತಿ ಇದನ್ನು ಇನ್ನೂ ಕೆಡಿಸುತ್ತದೆ. ನೀರು ಒತ್ತಡದಿಂದ ಹರಿಯುವಾಗ ಪೈಪಿನ ಬಿರುಕಿನಿಂದ ಹೊರಕ್ಕೆ ಸೋರುತ್ತದೆ. ನಿಂತು ಖಾಲಿಯಾದಾಗ ಪೈಪು ಸುತ್ತಲಿನ ಕೊಳೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪೈಪು ಚರಂಡಿ ದಾಟುವ ಜಾಗ, ಮೋರಿನೀರು ತುಂಬಿದ ವಾಲ್ವ್ ಗುಂಡಿ, ನಲ್ಲಿ ಸಂಪರ್ಕಕ್ಕೆ ಅಗೆದು ಹಾಗೇ ಬಿಟ್ಟ ಜಾಯಿಂಟು, ಎಲ್ಲಿ ಸಾಧ್ಯವೋ ಅಲ್ಲಿ. ಮೇಲಿಂದ ಮನೆಯವರು ನಲ್ಲಿಗೆ ನೇರ ಮೋಟರ್ ಹಚ್ಚಿದರೆ ಹೀರುವಿಕೆ ಇಮ್ಮಡಿ. 2023ರ ಜುಲೈ ಕೊನೆ, ಆಗಸ್ಟ್ ಮೊದಲಲ್ಲಿ ಪಕ್ಕದ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದು ಕೆಲವರು ಸತ್ತು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಹಿಂದಿನ ವರ್ಷ ಅದೇ ರೀತಿ ರಾಯಚೂರಿನಲ್ಲಿ. ಎರಡೂ ಕಡೆ ನೀರು ಪೂರೈಕೆ ಇತ್ತು, ಟ್ಯಾಂಕೂ ಇತ್ತು, ಸಿಬ್ಬಂದಿಯೂ ಇದ್ದರು.

ನೀರು ಕೆಟ್ಟಿದೆ ಎಂದು ಪ್ರಯೋಗಾಲಯ ಹೇಳುವುದನ್ನು ಕಾಯುತ್ತ ಕೂರುವಂತಿಲ್ಲ. ಕೋಲಿಫಾರ್ಮ್ ಪರೀಕ್ಷೆಗೆ ಒಂದೆರಡು ದಿನ ಬೇಕು, ಅಷ್ಟರೊಳಗೆ ಆ ನೀರು ಹೊಟ್ಟೆ ಸೇರಿರುತ್ತದೆ. ಹಳ್ಳಿಯಲ್ಲಿ ಬಳಸುವ ಎಚ್‌ಟುಎಸ್ ಬಾಟಲಿ ಕಪ್ಪಾಗಲೂ ಅಷ್ಟೇ ಹೊತ್ತು. ಕ್ಲೋರಿನ್ ಪರೀಕ್ಷೆ ಮಾತ್ರ ಒಂದು ನಿಮಿಷದ್ದು: ಸಣ್ಣ ಕೊಳವೆಗೆ ನೀರು, ಎರಡು ಹನಿ ದ್ರಾವಣ, ಹಳದಿ ಬಂತೋ ಇಲ್ಲವೋ ನೋಡುವುದು. ಜಲ ಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕಿಟ್ ಕೊಟ್ಟು ತರಬೇತಿ ಕೊಡಬೇಕೆಂದಿದೆ. ಯೋಜನೆಯ ಒಳ್ಳೆಯ ಕಲ್ಪನೆಗಳಲ್ಲಿ ಇದೂ ಒಂದು. ಆದರೆ ಕಿಟ್ಟಿನ ದ್ರಾವಣಕ್ಕೂ ಅವಧಿ ಮುಗಿಯುತ್ತದೆ, ಮತ್ತು ಆ ಹೆಂಗಸರು ಕಂಡದ್ದನ್ನು ಹೇಳಿದಾಗ ಕೇಳಿಸಿಕೊಳ್ಳುವವರು ಬೇಕು.

ಕೆನಡಾದ ವಾಕರ್ಟನ್ ಎಂಬ ಸಣ್ಣ ಊರಿನ ಪ್ರಸಂಗ ನಮಗೆ ಹತ್ತಿರದ್ದು. ಸುಮಾರು 5 ಸಾವಿರ ಜನ, ದನ ಸಾಕುವ ಸೀಮೆ, ಊರಿನದೇ ನೀರು ಪೂರೈಕೆ ಸಂಸ್ಥೆ. 2000ದ ಮೇ ತಿಂಗಳ ದೊಡ್ಡ ಮಳೆಯಲ್ಲಿ ಹೊಲದ ಗೊಬ್ಬರದ ರೋಗಾಣು ಆಳವಿಲ್ಲದ ಒಂದು ಬಾವಿ ಸೇರಿತು. ಏಳು ಜನ ಸತ್ತರು, ಸುಮಾರು 2,300 ಜನ ಕಾಯಿಲೆ ಬಿದ್ದರು. ನ್ಯಾಯಮೂರ್ತಿ ಡೆನ್ನಿಸ್ ಓಕಾನರ್ ವಿಚಾರಣೆಯಲ್ಲಿ ಹೊರಬಂದದ್ದು: ಅಲ್ಲಿನ ಸಿಬ್ಬಂದಿ ವರ್ಷಗಳಿಂದ ಅಳೆಯದ ಕ್ಲೋರಿನ್ನನ್ನು ಅಳೆದೆವೆಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಅವರಿಗೆ ಸರಿಯಾದ ತರಬೇತಿಯೇ ಇರಲಿಲ್ಲ. ತಾವೂ ಅದೇ ನೀರು ಕುಡಿಯುತ್ತಿದ್ದರು. ಕೆಟ್ಟ ವರದಿ ಬಂದ ಮೇಲೂ ಆರೋಗ್ಯ ಇಲಾಖೆಗೆ ಹೇಳಲಿಲ್ಲ. ಇದನ್ನು ಅಲ್ಲಿಯ ಕಥೆ ಎಂದು ಬದಿಗಿಡಲು ನನಗೆ ಧೈರ್ಯ ಸಾಲದು. ದಿನಾಂಕಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಸಲ ಕೂತು ತುಂಬಿದ ರಿಜಿಸ್ಟರು ನಮ್ಮ ಯಾವ ಕಚೇರಿಗೂ ಹೊಸದಲ್ಲ.

ಹೊಣೆ ಯಾರದು ಎಂದು ಹುಡುಕಿದರೆ ಉತ್ತರ ಹಂಚಿಹೋಗುತ್ತದೆ. ಪಟ್ಟಣಗಳಲ್ಲಿ ದೊಡ್ಡ ಯೋಜನೆ ಕಟ್ಟುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ನಡೆಸುವುದು ಪುರಸಭೆ ಅಥವಾ ಪಟ್ಟಣ ಪಂಚಾಯಿತಿ. ಹಳ್ಳಿಗಳಲ್ಲಿ ಕಟ್ಟುವುದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ, ನಡೆಸುವುದು ಗ್ರಾಮ ಪಂಚಾಯಿತಿ. ಮಾದರಿ ಒಯ್ಯುವುದು ಆರೋಗ್ಯ ಇಲಾಖೆ, ಕರೆಂಟು ಮೆಸ್ಕಾಂನದು, ಹೊಳೆಯ ಮಾಲಿನ್ಯ ನೋಡುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಕಾನೂನಿನ ಒಂದು ವಿಚಿತ್ರವೂ ಇದೆ: ಬಾಟಲಿ ನೀರು ಮಾರುವವನಿಗೆ ಆಹಾರ ಸುರಕ್ಷತಾ ಕಾನೂನಿನಡಿ ಗುಣಮಟ್ಟ ಕಡ್ಡಾಯ, ನಲ್ಲಿ ನೀರು ಕೊಡುವ ಪುರಸಭೆಗೆ, ಪಂಚಾಯಿತಿಗೆ ಐಎಸ್ 10500 ಪಾಲಿಸದಿದ್ದರೆ ದಂಡ ಎಂಬ ನಿಯಮವಿಲ್ಲ. ಅಮೆರಿಕದಲ್ಲಿ 1974ರ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆ ಸಣ್ಣ ಊರಿನ ಸಂಸ್ಥೆಯನ್ನೂ ಕಟ್ಟಿಹಾಕಿದೆ. ತೊಂಬತ್ತರ ದಶಕದ ಕೊನೆಯಿಂದ ಪ್ರತಿ ವರ್ಷ ಪ್ರತಿ ಗ್ರಾಹಕನಿಗೂ ‘ನಿಮ್ಮ ನೀರಿನಲ್ಲಿ ಇದಿದೆ, ಇಷ್ಟಿದೆ, ಮಿತಿ ಇಷ್ಟು’ ಎಂಬ ವರದಿ ಕೊಡಬೇಕು. ನೀರಿನ ಬಿಲ್ಲಿನ ಹಿಂದೆ ಅಂಥ ನಾಲ್ಕು ಸಾಲು ಅಚ್ಚು ಹಾಕುವುದು ಕಡೂರು, ತರೀಕೆರೆ ಪುರಸಭೆಗಳಿಗೆ ಅಸಾಧ್ಯದ ಕೆಲಸವೇನಲ್ಲ. ಹಳ್ಳಿಯಲ್ಲಾದರೆ ಹಾಲಿನ ಡೇರಿಯ ಗೋಡೆ ಸಾಕು. ಫ್ಯಾಟ್ ಎಷ್ಟು ಬಂತೆಂದು ಪ್ರತಿ ಬೆಳಿಗ್ಗೆ ಗಮನವಿಟ್ಟು ನೋಡುವ ಜನ ಕ್ಲೋರಿನ್ ಎಷ್ಟೆಂಬುದನ್ನೂ ಓದಬಲ್ಲರು.

ಭದ್ರೆಯ ನೀರು ಬಂದರೂ ಹಳೆಯ ಬೋರ್‌ಗಳು ಸಾಯುವುದಿಲ್ಲ, ಸಾಯಬಾರದು ಕೂಡ. ಕೊಳವೆ ಒಡೆದ ದಿನ, ಕರೆಂಟು ಹೋದ ವಾರ, ಜಲಾಶಯ ತಳ ಕಂಡ ವರ್ಷ ಅವೇ ಗತಿ. ಆಗ ಒಂದೇ ಟ್ಯಾಂಕಿಗೆ ಎರಡೂ ನೀರು ಬೀಳುತ್ತದೆ, ಫ್ಲೋರೈಡಿನ ಅಳತೆಯೂ ಕ್ಲೋರಿನ್ನಿನ ಅಳತೆಯೂ ಅಂದಂದಿಗೆ ಬದಲಾಗುತ್ತದೆ. ಯಾವ ಬೋರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬ ಪಟ್ಟಿ ನೀರುಗಂಟಿಯ ಕೈಯಲ್ಲಿದ್ದರೆ ಕಡಿಮೆಯದನ್ನು ಮೊದಲು ಚಾಲೂ ಮಾಡಬಹುದು. ಸದ್ಯಕ್ಕೆ ಅಂಥ ಮಾಹಿತಿ ಸೇರುವುದು ಇಲಾಖೆಯ ಕಂಪ್ಯೂಟರನ್ನು.

ಬಹುಗ್ರಾಮ ಯೋಜನೆಗಳನ್ನು ಮೊದಲ ಕೆಲವು ವರ್ಷ ಸಾಮಾನ್ಯವಾಗಿ ಕಟ್ಟಿದ ಗುತ್ತಿಗೆದಾರರೇ ನಡೆಸುತ್ತಾರೆ, ಹಾಗಾಗಿ ತೊಂದರೆ ಕಾಣುವುದು ಆಮೇಲೆ. ಕೊಳವೆ ಮೂರು ತಾಲ್ಲೂಕು ದಾಟುತ್ತದೆ, ಪಂಚಾಯಿತಿಯ ಅಧಿಕಾರ ಊರಿನ ಗಡಿ ದಾಟುವುದಿಲ್ಲ. ಗುಜರಾತಿನಲ್ಲಿ ಹಳ್ಳಿಯವರೆಗಿನ ದೊಡ್ಡ ಕೊಳವೆಗೆ ಒಂದು ಪ್ರತ್ಯೇಕ ಕಂಪನಿ, ಹಳ್ಳಿಯೊಳಗಿನ ಕೆಲಸಕ್ಕೆ ಸಮಿತಿಗಳ ಬೆನ್ನಿಗೆ ನಿಲ್ಲುವ ಇನ್ನೊಂದು ಸಂಸ್ಥೆ ಎಂದು 1999 ಮತ್ತು 2002ರಲ್ಲೇ ಬೇರೆ ಮಾಡಿಕೊಂಡರು. ನಮ್ಮಲ್ಲಿ ಅಷ್ಟು ದೊಡ್ಡ ಏರ್ಪಾಡು ಆಗುವವರೆಗೆ ಕಾಯಬೇಕಿಲ್ಲ. ಭದ್ರೆಯ ನೀರು ಊರಿನ ಟ್ಯಾಂಕಿಗೆ ಬೀಳುವ ಜಾಗದಲ್ಲಿ ಒಂದು ಮೀಟರು, ಒಂದು ಕ್ಲೋರಿನ್ ಅಳತೆ, ಯೋಜನೆಯವರೂ ಪಂಚಾಯಿತಿಯವರೂ ಸಹಿ ಹಾಕುವ ಒಂದು ಪುಸ್ತಕ ಇದ್ದರೆ, ನೀರು ಕೆಟ್ಟಾಗ ಅದು ಟ್ಯಾಂಕಿಗೆ ಮುಂಚೆ ಕೆಟ್ಟಿತೋ ಟ್ಯಾಂಕಿನ ಆಚೆಗೋ ಎಂದು ಆವತ್ತೇ ಗೊತ್ತಾಗುತ್ತದೆ.